ಹಿಡಿಕೆಗೆ ನೇತುಹಾಕಿದ ಚಪ್ಪಲಿ

"ಅಕ್ಕಾ, ಇದನ್ನ ಹೇಳಿದ್ರೆ ನನ್ನ ಗಂಡನ ಕೊರಳಿಗೆ ನಾನೇ ಹಗ್ಗ ಹಾಕಿದ ಹಾಗಾಗುತ್ತೆ. ಅದಕ್ಕೇ ಇಷ್ಟು ದಿನ ಬಾಯಿ ಬಿಡಲಿಲ್ಲ."

ಸತ್ತುಹೋದ ಎಣ್ಣೆಯಜ್ಜನ ಮಗಳು ಸೇತುವೆ ಎತ್ತುವ ಹಿಡಿಕೆ ಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಹೊರಗೆ ಸೇತುವೆಯ ಮೇಲೆ ಬಸ್ಸುಗಳು ಒಂದರ ಹಿಂದೊಂದು ಗಡಗಡಿಸುತ್ತ ಹೋಗುತ್ತಿದ್ದವು. ಒಂದೊಂದು ಬಸ್ಸಿಗೂ ಕಿಟಕಿಯ ಗಾಜು ಚಳಿಜ್ವರ ಬಂದವರ ಹಲ್ಲಿನ ಹಾಗೆ ಕಟಕಟ ಅನ್ನುತ್ತಿತ್ತು.

ಇನ್ಸ್‌ಪೆಕ್ಟರಮ್ಮ ಅವಳ ಹತ್ತಿರ ಹೋಗಿ ದನಿ ತಗ್ಗಿಸಿದಳು. "ಸಂಜೆಯೊಳಗೆ ನಿನ್ನ ಗಂಡನನ್ನ ಕೋರ್ಟಿಗೆ ಕಳಿಸಬೇಕು, ತಂಗಿ. ಅಲ್ಲಿಂದ ಜೈಲಿಗೆ ಹೋದ ಅಂದ್ರೆ ಆಮೇಲೆ ನನ್ನ ಕೈಲೂ ಏನೂ ಇರಲ್ಲ. ಹೇಳೋದೇನಿದ್ರೂ ಈಗಲೇ ಹೇಳಿಬಿಡು."

ಅವಳು ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ ದಫೇದಾರ್ ಮಾಮನ ಕಡೆ ಕಣ್ಣು ಹೊರಳಿಸಿದಳು.

"ಅವರು ನಮ್ಮವರೇ. ನನ್ನನ್ನ ಹೆಗಲ ಮೇಲೆ ಹೊತ್ತು ಆಡಿಸಿದೋರು. ಅವರೆದುರು ಹೇಳಿದ್ರೆ ಗೋಡೆ ಎದುರು ಹೇಳಿದ ಹಾಗೆ."

"ಗೋಡೆ ಅಂದಿದ್ದು ನನ್ನ ಗಾತ್ರ ನೋಡಿ ತಾನೇ, ಮರಿಸಾಹೇಬ್ರೇ?" ಅಂದರು ದಫೇದಾರ್ ಮಾಮ.

ಇನ್ಸ್‌ಪೆಕ್ಟರಮ್ಮನ ತಂದೆ ಈ ಊರಿನ ಠಾಣೆಯಲ್ಲಿ ದೊಡ್ಡ ಸಾಹೇಬರಾಗಿದ್ದವರು, ದಫೇದಾರ್ ಮಾಮ ಅವರ ಬಲಗೈ. ಹಾಗಾಗಿ ಮಗಳು ಅದೇ ಕುರ್ಚಿಯಲ್ಲಿ ಬಂದು ಕೂತ ಮೇಲೂ ಅವರ ಬಾಯಲ್ಲಿ ಮರಿಸಾಹೇಬಳಾಗಿಯೇ ಉಳಿದಳು. ಬೇರೆ ಯಾರಾದರೂ ಹಾಗೆ ಕರೆದಿದ್ದರೆ ಅವರ ಗ್ರಹಚಾರ ಕೆಟ್ಟಿತು ಎಂದೇ ಅರ್ಥ.

ಎಣ್ಣೆಯಜ್ಜನ ಮಗಳು ಬಾಗಿಲು ಬಿಟ್ಟು ಒಂದು ಹೆಜ್ಜೆ ಒಳಗೆ ಬಂದಳು. "ಆವತ್ತು ಅಪ್ಪನಿಗೆ ಊಟ ತಂದೆ. ಆಗ ತಾನೇ ದೋಣಿ ದಾಟಿಹೋಗಿ ಸೇತುವೆ ಕೆಳಗಿಳಿದಿತ್ತು. ನಮ್ಮನೆಯವರು ಇಲ್ಲಿರಲಿಲ್ಲ, ಗೇಟಿನ ಹತ್ತಿರ ಯಾವನೋ ಲಾರಿಯವನ ಜಗಳ ಬಿಡಿಸ್ತಾ ಇದ್ರು. ನಾನು ಒಳಗೆ ಬಂದೆ. ನೋಡಿದ್ರೆ ಹಿಡಿಕೆ ಮೇಲೆ…"

"ಹಿಡಿಕೆ ಮೇಲೆ?"

"ಅಪ್ಪನ ಚಪ್ಪಲಿ ನೇತಾಡ್ತಾ ಇತ್ತು, ಅಕ್ಕಾ."

ದಫೇದಾರ್ ಮಾಮನ ಅಡಿಯಲ್ಲಿ ಸ್ಟೂಲು ಕಿರ್ ಅಂದಿತು.

ಆ ಕೋಣೆಯಲ್ಲಿ ಚಪ್ಪಲಿ ಅಂದರೆ ಬರೀ ಚಪ್ಪಲಿಯಲ್ಲ. ಮುತ್ತಜ್ಜಂದಿರ ಕಾಲದ ಸೇತುವೆ ಅದು. ಕಲ್ಲಿನ ಕಂಬ, ಕಬ್ಬಿಣದ ಮೈ. ದೊಡ್ಡ ದೋಣಿಗಳಿಗೆ ದಾರಿ ಬಿಡಲು ನಡುವಿನ ರಸ್ತೆಯ ಒಂದು ತುಂಡೇ ಹಕ್ಕಿಯ ರೆಕ್ಕೆಯಂತೆ ಮೇಲೇಳುತ್ತದೆ. ರೆಕ್ಕೆ ಏಳಬೇಕಾದರೆ ಅದರ ಹಿಂದಿನ ತುದಿಗೆ ಕಟ್ಟಿದ ಭಾರ ಕೆಳಗಿಳಿಯಬೇಕು. ಒಂದು ಮನೆಯಷ್ಟು ದೊಡ್ಡ ಕಬ್ಬಿಣದ ಗಡ್ಡೆ. ಕೆಲಸದವರು ಅದಕ್ಕೆ ಆನೆ ಅನ್ನುತ್ತಾರೆ. ಆನೆ ಇಳಿಯುವುದು ಕಂಬದ ಹೊಟ್ಟೆಯಲ್ಲಿರುವ ಒಣ ಬಾವಿಗೆ. ಅದೇ ಬಾವಿಗೆ ಎಣ್ಣೆಯಜ್ಜ ದಿನಾ ಇಳಿದು, ಅಚ್ಚಿಗೂ ಹಲ್ಲುಗಾಲಿಗಳಿಗೂ ಜಿಡ್ಡು ಹಚ್ಚುತ್ತಿದ್ದದ್ದು. ಆವತ್ತು ಅವನು ಕೆಳಗಿದ್ದಾಗಲೇ ಆನೆ ಇಳಿದಿತ್ತು.

ಮೆಟ್ಟಿಲೆಲ್ಲ ಜಿಡ್ಡು. ಚಪ್ಪಲಿ ಮೆಟ್ಟಿ ಇಳಿದವನು ಜಾರಿ ತಲೆ ಒಡೆದುಕೊಳ್ಳುವುದು ಖಂಡಿತ. ಅದಕ್ಕೇ ಬರಿಗಾಲಲ್ಲಿ ಇಳಿಯಬೇಕು, ಬಿಟ್ಟ ಚಪ್ಪಲಿಯನ್ನು ಹಿಡಿಕೆಗೆ ನೇತುಹಾಕಬೇಕು. ಹಿಡಿಕೆಯಲ್ಲಿ ಚಪ್ಪಲಿ ಇದ್ದಷ್ಟು ಹೊತ್ತು ಯಾವ ದೊರೆಯ ದೋಣಿ ಬಂದು ಕೂಗಿಕೊಂಡರೂ ಸೇತುವೆ ಏಳುವಂತಿಲ್ಲ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಉಣ್ಣುವ ಮೊದಲು ಕೈ ತೊಳೆಯುವ ಹಾಗೆ, ಸೇತುವೆಯವರ ಮೈಗೇ ಹತ್ತಿದ ಅಭ್ಯಾಸ.

"ಚಹಾ ಕುಡಿದು ಬಂದಾಗ ಹಿಡಿಕೆ ಬರಿದಾಗಿತ್ತು, ಮಾವ ಮೇಲೆ ಬಂದಿದ್ದಾರೆ ಅಂದುಕೊಂಡು ಎಳೆದೆ" ಎಂದು ಹಿಡಿಕೆ ಎಳೆಯುವ ಕೆಲಸದ ಅವಳ ಗಂಡ ಲಾಕಪ್ಪಿನಲ್ಲಿ ಗೋಡೆಗೆ ಹಣೆ ಚಚ್ಚಿಕೊಂಡು ಹೇಳುತ್ತಿದ್ದ. ಈಗ ಹೆಂಡತಿ ನೋಡಿದರೆ ಚಪ್ಪಲಿ ಇತ್ತು ಅನ್ನುತ್ತಿದ್ದಾಳೆ.

"ಅಯ್ಯೋ ತಾಯಿ," ದಫೇದಾರ್ ಮಾಮ ಹಣೆ ಒರೆಸಿಕೊಂಡರು, "ಇಷ್ಟು ದಿನ ಹೊಟ್ಟೇಲಿ ಇಟ್ಕೊಂಡಿದ್ದೋಳು ಇನ್ನೂ ಸ್ವಲ್ಪ ದಿನ ಇಟ್ಕೋಬಾರದಿತ್ತಾ?"

"ಮಾಮ, ಸುಮ್ಮನಿರಿ. ಆಮೇಲೇನಾಯ್ತು, ತಂಗಿ?"

"ಡಬ್ಬಿ ಇಟ್ಟು, ಕೆಳಗೆ ನಲ್ಲಿಗೆ ನೀರು ತರೋಕೆ ಹೋದೆ. ವಾಪಸ್ ಬಂದ್ರೆ ಚಪ್ಪಲಿ ಇಲ್ಲ. ಅಪ್ಪ ಮೇಲೆ ಬಂದು ಕೈಕಾಲು ತೊಳೆಯೋಕೆ ಹೋಗಿರಬೇಕು ಅಂದ್ಕೊಂಡೆ." ಅವಳು ಕೋಣೆಯ ನೆಲದ ಕಡೆ ಕೈ ತೋರಿಸಿದಳು. "ಡಬ್ಬಿ ಮುಂದೆ ಇಟ್ಕೊಂಡು ಇಲ್ಲೇ ಕೂತಿದ್ದೆ, ಅಕ್ಕಾ. ಊಟ ಆರಿಹೋಗ್ತಾ ಇದೆ, ಈ ಮುದುಕನಿಗೆ ಹೊತ್ತುಗೊತ್ತಿಲ್ಲ ಅಂತ ಬೈತಾ ಕೂತಿದ್ದೆ. ಅಪ್ಪ ನೋಡಿದ್ರೆ ನನ್ನ ಕಾಲ ಕೆಳಗೇನೇ…"

ಇನ್ಸ್‌ಪೆಕ್ಟರಮ್ಮ ಅವಳ ಭುಜ ಹಿಡಿದುಕೊಂಡಳು. ಆದರೆ ಅವಳ ಮನಸ್ಸು ಆಗಲೇ ಶವಾಗಾರದ ಮೇಜಿನ ಹತ್ತಿರ ಹೋಗಿ ನಿಂತಿತ್ತು. ಅಜ್ಜನ ಹೆಣದ ಕಾಲಲ್ಲಿ ಚಪ್ಪಲಿ ಇತ್ತು, ಅದರ ಅಟ್ಟೆಗೆ ಒಂದು ಹನಿ ಜಿಡ್ಡೂ ಅಂಟಿರಲಿಲ್ಲ ಅನ್ನುವುದನ್ನು ನಿನ್ನೆ ತಾನೇ ಕಣ್ಣಾರೆ ಕಂಡಿದ್ದಳು.



"ತಂಗಿ, ನೀನು ನೋಡಿದ್ದು ನಿಮ್ಮಪ್ಪನ ಚಪ್ಪಲಿ ಅಲ್ಲ."

"ಅಂದ್ರೆ?"

"ನಿಮ್ಮಪ್ಪ ಕೆಳಗಿದ್ದಾಗ ಯಾರೋ ಬಂದು ಅವರ ಚಪ್ಪಲಿ ತೆಗೆದು ಬಚ್ಚಿಟ್ಟಿದ್ದಾರೆ. ನಿನ್ನ ಗಂಡ ಚಹಾ ಕುಡಿದು ಬಂದ, ಹಿಡಿಕೆ ಬರಿದಾಗಿತ್ತು, ಎಳೆದ. ಅವನು ಗೇಟಿಗೆ ಹೋದ ಮೇಲೆ ಅದೇ ಮನುಷ್ಯ ಚಪ್ಪಲಿ ತಗೊಂಡು ಬಾವಿಗೆ ಇಳಿದಿದ್ದಾನೆ. ಸತ್ತವರ ಕಾಲಿಗೆ ತೊಡಿಸೋಕೆ. ಮುದುಕ ಚಪ್ಪಲಿ ನೇತುಹಾಕೋದು ಮರೆತ, ಸತ್ತ ಅಂತ ನಾವೆಲ್ಲ ಅಂದ್ಕೊಳ್ಳಲಿ ಅಂತ." ಅವಳ ದನಿ ಏರುತ್ತಿತ್ತು. "ಇಳಿಯೋ ಮುಂಚೆ ಅವನು ತನ್ನ ಚಪ್ಪಲಿ ಬಿಟ್ಟಿದ್ದಾನೆ. ಬಿಟ್ಟೋನು, ಯೋಚನೇನೇ ಮಾಡದೆ, ಹಿಡಿಕೆಗೆ ನೇತುಹಾಕಿದ್ದಾನೆ! ಅಭ್ಯಾಸ. ಕೊಲೆ ಮಾಡೋವಾಗ್ಲೂ ಬಿಡದ ಅಭ್ಯಾಸ. ನೀನು ನೋಡಿದ್ದು ಕೊಂದವನ ಚಪ್ಪಲಿ."

ಎಣ್ಣೆಯಜ್ಜನ ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಚಿಕ್ಕ ಪಾದಗಳ ಬೆರಳುಗಳು ನೆಲವನ್ನು ಗಟ್ಟಿಯಾಗಿ ಹಿಡಿದುಕೊಂಡವು. ತಾನು ಊಟದ ಡಬ್ಬಿ ಇಟ್ಟಾಗ ಕೊಂದವನು ಕಾಲ ಕೆಳಗೇ ಇದ್ದ ಅನ್ನುವುದು ಅವಳ ತಲೆಗೆ ಆಗ ಇಳಿದಿರಬೇಕು.

"ಹಾಗಾದ್ರೆ ಬಾವಿಯೊಳಗೆ ಬರಿಗಾಲಿನ ಹೆಜ್ಜೆ ಇರಬೇಕಲ್ಲ, ಮರಿಸಾಹೇಬ್ರೇ," ಅಂದರು ದಫೇದಾರ್ ಮಾಮ ಮೆಲ್ಲಗೆ.

"ಇರಲೇಬೇಕು. ಹೆಣ ಎತ್ತೋಕೆ ಹೋದೋರು ನಡುವೆ ತುಳಿದಿರ್ತಾರೆ. ಹಿಂದಿನ ಗೋಡೆ ಕಡೆ ಯಾರೂ ಹೋಗಿಲ್ಲ. ಆವತ್ತಿಂದ ಸೇತುವೆ ಎತ್ತೋದನ್ನೂ ನಿಲ್ಲಿಸಿದ್ದಾರೆ, ಆನೆ ಇಳಿದಿಲ್ಲ. ಈಗಲೇ ನೋಡಿ ಬರ್ತೀನಿ."

ಹೇಳುವುದೇನೋ ಹೇಳಿಬಿಟ್ಟಳು. ಹೇಳಿದ ಮೇಲೆ ನೆಲದಲ್ಲಿದ್ದ, ಬಾವಿಯ ಬಾಯಿಗೆ ಹಾಕಿದ ಕಬ್ಬಿಣದ ಮುಚ್ಚಳದ ಹತ್ತಿರ ಹೋಗಲು ಹಿಂಜರಿದಳು. ಆ ಊರಿನ ಮಕ್ಕಳೆಲ್ಲ ಉಂಡು ಮಲಗಿದ್ದೇ ಆ ಆನೆಯ ಹೆದರಿಕೆಗೆ. ಹಟ ಮಾಡಿದರೆ ಸೇತುವೆ ಆನೆ ಕೈಗೆ ಕೊಟ್ಟುಬಿಡ್ತೀನಿ ಅಂತ ಅವಳಮ್ಮನೂ ಹೆದರಿಸುತ್ತಿದ್ದಳು. ದೊಡ್ಡವಳಾಗಿ, ಸೊಂಟಕ್ಕೆ ಪಿಸ್ತೂಲು ಬಂದರೂ ಆ ಹೆದರಿಕೆ ಹೊಟ್ಟೆಯ ಯಾವುದೋ ಮೂಲೆಯಲ್ಲಿ ಕಾಲು ಮಡಚಿಕೊಂಡು ಕೂತೇ ಇತ್ತು.

ಅಷ್ಟರಲ್ಲಿ ಬಾಗಿಲ ಬಳಿ ಕೆಮ್ಮು ಕೇಳಿಸಿತು.

ಸೇತುವೆ ಮಾಸ್ತರರು. ಇಡೀ ಸೇತುವೆ ಅವರ ಸುಪರ್ದಿ. ಕಡ್ಡಿಯಂಥ ಮೈ, ಉದ್ದನೆಯ ಕಾಲು. ಬೆನ್ನ ಹಿಂದೆ ಎಲ್ಲರಿಗೂ ಅವರು ಕೊಕ್ಕರೆ ಮಾಸ್ತರು. ಅವರು ಯಾವಾಗ ಬಂದರು, ಎಷ್ಟು ಕೇಳಿಸಿಕೊಂಡರು, ಯಾರಿಗೂ ತಿಳಿಯಲಿಲ್ಲ.

"ಬಾವಿಗೆ ಇಳಿಯೋದು ಬೇಡ, ಮೇಡಂ. ಹೊಸಬರಿಗೆ ಅಪಾಯ," ಅಂದರು ನಯವಾಗಿ.

"ಅದಕ್ಕೇ ಹಳಬರನ್ನ ಕರ್ಕೊಂಡು ಹೋಗ್ತೀನಿ. ಶೂ ಬಿಚ್ಚಿ, ಮಾಸ್ತರೇ. ನೀವೂ ನನ್ನ ಜೊತೆ ಬರ್ತಾ ಇದೀರಿ."

ಮಾಸ್ತರರ ಮುಖ ಸಣ್ಣಗಾಯಿತು. "ನಾನು ಇಳಿದು ಎಷ್ಟೋ ವರ್ಷ ಆಯ್ತು. ಮೊಣಕಾಲು ನೋವು…"

"ನಿಧಾನಕ್ಕೆ ಇಳಿಯೋಣ."

ಎಂಥ ದೊಡ್ಡ ಹುದ್ದೆಯಿದ್ದರೂ ಅವರೂ ಒಂದು ಕಾಲದಲ್ಲಿ ಜಿಡ್ಡಿನ ಡಬ್ಬ ಹಿಡಿದೇ ಮೇಲೆ ಬಂದವರು. ಬಾಗಿ ಶೂ ಬಿಚ್ಚಿದ್ದೇ ತಡ, ಕೈ ತಾನಾಗಿ ಹಿಡಿಕೆಯ ಕಡೆ ಹೋಯಿತು. ಇನ್ಸ್‌ಪೆಕ್ಟರಮ್ಮ ಅದನ್ನು ಗಮನಿಸಿದಳು. ಗಮನಿಸಲೆಂದೇ ಬಿಚ್ಚಿಸಿದ್ದಳು.

ತನ್ನ ಬೂಟುಗಳನ್ನು ಅವಳು ಲೇಸು ಹಿಡಿದು ಹಿಡಿಕೆಗೆ ತೂಗಹಾಕಿದಳು. ಅವು ಜಾರಿದವು.

"ಹಾಗಲ್ಲ, ಕೊಡಿ ಇಲ್ಲಿ." ದಫೇದಾರ್ ಮಾಮ ಬೂಟು ಕಿತ್ತುಕೊಂಡು, ಎರಡೂ ಲೇಸು ಸೇರಿಸಿ ಗಂಟು ಹಾಕಿ, ಹಿಡಿಕೆಗೆ ಒಂದು ಸುತ್ತು ಸುತ್ತಿ ಬಿಗಿದರು. "ಕಾನ್‌ಸ್ಟೇಬಲ್ ಆದಾಗ ಮೊದಲು ಕಾವಲಿಗೆ ಹಾಕಿದ್ದು ಈ ಸೇತುವೆಗೇ. ಈಗ ಬಿರುಗಾಳಿ ಬಂದ್ರೂ ಬೀಳಲ್ಲ." ಬೂಟಿನ ಅಳತೆ ನೋಡಿ ನಕ್ಕರು. "ಇದು ನನ್ನ ಕಾಲಿಗೂ ಸರಿಹೋಗುತ್ತೆ ನೋಡಿ. ದೇವರು ನನ್ನ ಹೊಟ್ಟೆ ಮಾಡೋ ಹೊತ್ತಿಗೆ ಸಾಮಾನೆಲ್ಲ ಖರ್ಚು ಮಾಡಿಬಿಟ್ಟ, ಪಾದಕ್ಕೆ ಉಳಿದಿದ್ದು ಅಷ್ಟೇ."

ನಗು ಬರದಿದ್ದರೂ ಅವಳು ನಕ್ಕಳು. "ಮಾಮ, ನಾವು ಮೇಲೆ ಬರೋ ತನಕ ಇಲ್ಲಿಂದ ಕದಲಬೇಡಿ. ಯಾರೇ ಬರಲಿ, ಹಿಡಿಕೆ ಮುಟ್ಟೋಕೆ ಬಿಡಬೇಡಿ."

"ನನ್ನ ಹೆಣ ದಾಟಿ ಮುಟ್ಟಬೇಕು."

"ನೀನೂ ಇಲ್ಲೇ ಇರು, ತಂಗಿ. ಒಬ್ಬಳೇ ಎಲ್ಲೂ ಹೋಗಬೇಡ."

"ಇರ್ತೀನಿ, ಅಕ್ಕಾ. ಸಣ್ಣೋಳಿದ್ದಾಗ ಅಪ್ಪನ ಹಿಂದೆ ಜಿಡ್ಡಿನ ಡಬ್ಬ ಹೊತ್ಕೊಂಡು ನಾನೂ ಇಳೀತಾ ಇದ್ದೆ. ಇನ್ನು ಈ ಜನ್ಮದಲ್ಲಿ ಇಳಿಯಲ್ಲ."

ಮುಚ್ಚಳ ತೆರೆದಾಗ ಕೆಳಗಿನಿಂದ ಹಳೆಯ ಎಣ್ಣೆ, ಒದ್ದೆ ಕಲ್ಲು, ಇನ್ನೂ ಏನೋ ಒಂದರ ವಾಸನೆ ಮುಖಕ್ಕೆ ರಾಚಿತು. ಆ ಇನ್ನೊಂದು ಏನೆಂದು ಅವಳು ಯೋಚಿಸಲು ಹೋಗಲಿಲ್ಲ.

ಮೆಟ್ಟಿಲು ಗೋಡೆಗೆ ಅಂಟಿಕೊಂಡು ಸುತ್ತುತ್ತ ಇಳಿಯುತ್ತಿತ್ತು. ಅಂಗಾಲಿಗೆ ಜಿಡ್ಡು ತಣ್ಣಗೆ ಹತ್ತಿತು, ಬೆರಳ ಸಂದಿಯಿಂದ ಮೇಲೆ ಬಂತು. ಮಾಸ್ತರರು ಮುಂದೆ, ಅವಳು ಹಿಂದೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈ ಗೋಡೆಗೆ. ಕೆಳಗಿಳಿದಂತೆ ಮೇಲಿನ ಬೆಳಕು ಒಂದು ತಟ್ಟೆಯಷ್ಟಾಯಿತು, ಆಮೇಲೆ ಬಟ್ಟಲಷ್ಟು.

ತಳ ಮುಟ್ಟಿ ಅವಳು ಟಾರ್ಚನ್ನು ಮೇಲೆ ಹಿಡಿದಳು. ಹಿಡಿಯಬಾರದಿತ್ತು.

ತಲೆಯ ಮೇಲೆ ಆನೆ ನಿಂತಿತ್ತು.

ಕಪ್ಪು ಕಬ್ಬಿಣದ ಹೊಟ್ಟೆ, ಗೋಡೆಯಿಂದ ಗೋಡೆಗೆ. ಬಾವಿಯ ಬಾಯಿಗೆ ಅಳತೆ ತೆಗೆದು ಮಾಡಿದ ಬಿರಡೆಯ ಹಾಗಿತ್ತು. ಮೆಟ್ಟಿಲಿನ ಪಕ್ಕದ ಕಿಂಡಿ ಬಿಟ್ಟರೆ ಎಲ್ಲೂ ಸಂದಿಲ್ಲ. ಮೇಲೆ ಬಸ್ಸು ದಾಟಿದಾಗ ಅದು ಸಣ್ಣಗೆ ನಡುಗುತ್ತಿತ್ತು, ನಡುಗಿ ತುಕ್ಕಿನ ಪುಡಿ ಅವಳ ಮುಖದ ಮೇಲೆ ಉದುರಿಸುತ್ತಿತ್ತು.

"ಇಳಿದಾಗ ನೆಲದಿಂದ ಎಷ್ಟು ಮೇಲೆ ನಿಲ್ಲುತ್ತೆ?"

"ನಾಲ್ಕೇ ಬೆರಳು," ಅಂದರು ಮಾಸ್ತರರು. "ಹೆಜ್ಜೆ ಗುರುತು ಉಳಿಯುತ್ತೆ, ಮನುಷ್ಯ ಉಳಿಯಲ್ಲ. ಮೆಟ್ಟಿಲು ಹತ್ತೋಕೂ ಹೊತ್ತು ಸಾಲಲ್ಲ. ಅದಕ್ಕೇ ಹಳಬರು ಆ ಗೋಡೇಲಿ ಗೂಡು ಕೊರೆದಿಟ್ಟಿದ್ದಾರೆ. ಗಂಟೆ ಹೊಡೆದ ಕೂಡಲೇ ಅದರೊಳಗೆ ಹೊಕ್ಕು ನಿಂತುಬಿಟ್ಟರೆ ಕೂದಲೂ ಕೊಂಕಲ್ಲ."

"ಹಾಗಿದ್ರೆ ಅಜ್ಜ ಯಾಕೆ ಹೊಗಲಿಲ್ಲ?"

ಮಾಸ್ತರರು ಟಾರ್ಚಿನ ಬೆಳಕು ತಪ್ಪಿಸಿಕೊಳ್ಳುವ ಹಾಗೆ ಮುಖ ಆಚೆ ತಿರುಗಿಸಿದರು. ಆಚೆ ಇದ್ದದ್ದು ಅಚ್ಚು. ಸೇತುವೆಯ ರೆಕ್ಕೆಯನ್ನೂ ಆನೆಯನ್ನೂ ಒಟ್ಟಿಗೆ ಹೊತ್ತು ನಿಂತ, ಮರದ ಬೊಡ್ಡೆಯಷ್ಟು ದಪ್ಪದ ಕಬ್ಬಿಣ. ಅದರ ಒಂದು ಜಾಗದಲ್ಲಿ ಮಾತ್ರ ಜಿಡ್ಡು ಬೆಣ್ಣೆ ಮೆತ್ತಿದ ಹಾಗೆ ದಪ್ಪಗಿತ್ತು.

ಇನ್ಸ್‌ಪೆಕ್ಟರಮ್ಮ ಹತ್ತಿರ ಹೋಗಿ ಬೆರಳಿನಿಂದ ಒರೆಸಿದಳು. ಜಿಡ್ಡಿನ ಕೆಳಗೆ, ಕೂದಲೆಳೆಯಂಥ ಒಂದು ಗೆರೆ. ಇನ್ನೂ ಒರೆಸಿದಳು. ಗೆರೆ ಮುಗಿಯಲಿಲ್ಲ. ಅಚ್ಚನ್ನು ಬಳಸಿಕೊಂಡು ಹಿಂದಕ್ಕೆ ಹೋಗಿತ್ತು.

ಬಿರುಕು.

ಮೇಲೆ ಇನ್ನೊಂದು ಬಸ್ಸು ಹಾಯಿತು. ಅವಳ ಬೆರಳ ಕೆಳಗೆ ಗೆರೆ ಉಸಿರಾಡಿದ ಹಾಗಾಯಿತು.

"ನಿಮಗೆ ಗೊತ್ತಿತ್ತು," ಅಂದಳು. ದನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು. "ಅಜ್ಜ ನಿಮಗೆ ಹೇಳಿದ್ದ."

"ಮೇಡಂ, ಮೇಲೆ ಹೋಗಿ ಮಾತಾಡೋಣ."

"ಇಲ್ಲೇ ಮಾತಾಡಿ! ಅಜ್ಜ ಬಿರುಕು ಕಂಡು ನಿಮಗೆ ಹೇಳಿದ. ನೀವು ಮುಚ್ಚಿಡು ಅಂದ್ರಿ. ಅವನು ಕೇಳಲಿಲ್ಲ. ಅದಕ್ಕೇ ಅವನ ಚಪ್ಪಲಿ ತೆಗೆದ್ರಿ."

"ಇಲ್ಲ! ಮಕ್ಕಳಾಣೆ, ಇಲ್ಲ." ಮಾಸ್ತರರ ಉದ್ದನೆಯ ಕೈಗಳು ಗಾಳಿಯಲ್ಲಿ ಏನನ್ನೋ ತಡೆಯುವ ಹಾಗೆ ಎದ್ದವು. "ಮುಚ್ಚಿಟ್ಟಿದ್ದು ನಿಜ. ಜಿಡ್ಡು ಮೆತ್ತು ಅಂದಿದ್ದೂ ನಾನೇ. ಇದು ಹೊರಗೆ ಬಂದ್ರೆ ಸಂಜೆಗೇ ಸೇತುವೆಗೆ ಬೀಗ ಹಾಕ್ತಾರೆ. ಹಾಕಿದ್ರೆ ಊರು ಎರಡು ಹೋಳು. ಸಂತೆ ಈಚೆ ದಡ, ಆಸ್ಪತ್ರೆ ಆಚೆ ದಡ. ಸ್ಕೂಲು ಆಚೆ, ಮನೆಗಳೆಲ್ಲ ಈಚೆ. ನನ್ನ ಮೊಮ್ಮಗಳು ಹುಟ್ಟಿದ್ದೇ ಈ ಸೇತುವೆ ಮೇಲೆ, ಗೊತ್ತಾ? ಆಸ್ಪತ್ರೆಗೆ ಹೋಗೋ ದಾರೀಲಿ, ಬಾಡಿಗೆ ಕಾರಿನಲ್ಲಿ. ಸೇತುವೆ ಇಲ್ದೇ ಇದ್ದಿದ್ರೆ ತಾಯೀನೂ ಇಲ್ಲ, ಮಗೂನೂ ಇಲ್ಲ. ಇಂಥದನ್ನ ಮುಚ್ಚಿಬಿಡಿ ಅಂತ ಯಾವ ಬಾಯಲ್ಲಿ ಹೇಳಲಿ?"

"ಮುರಿದು ಬಿದ್ರೆ? ಮೇಲೆ ಹೋಗ್ತಿರೋ ಬಸ್ಸಲ್ಲಿ ಯಾರ ಮೊಮ್ಮಕ್ಕಳಿದ್ದಾರೆ?"

ಮಾಸ್ತರರು ಕುಸಿದು ಮೆಟ್ಟಿಲ ಮೇಲೆ ಕೂತರು. "ಅಜ್ಜನೂ ಇದೇ ಕೇಳಿದ. ಇದೇ ಮಾತು. ಒಂದು ವಾರ ತಡಿ, ಮೇಲಿನೋರಿಗೆ ನಾನೇ ಹೇಳ್ತೀನಿ ಅಂದೆ. ವಾರ ಆಗೋ ಮುಂಚೆ ಅವನೇ ಹೋಗಿಬಿಟ್ಟ. ಹೆದರಿದೆ, ಮೇಡಂ. ಹೇಡಿ ಅನ್ನಿ, ಒಪ್ಕೋತೀನಿ. ಕೊಲೆಗಾರ ಅನ್ನಬೇಡಿ."

ಅತ್ತರೆ ನಂಬಿಬಿಡುವ ಕಾಲ ಅವಳಿಗೆ ಎಂದೋ ಕಳೆದಿತ್ತು. ಟಾರ್ಚು ತಿರುಗಿಸಿ ಹಿಂದಿನ ಗೋಡೆಯತ್ತ ನಡೆದಳು. ನಡುವೆ ಪೊಲೀಸರ ಬೂಟಿನ ಕಲಸುಮೇಲೋಗರ. ಅದು ದಾಟಿದ ಮೇಲೆ ಜಿಡ್ಡಿನ ಮೇಲೆ ಹೆಜ್ಜೆಗಳು ಅಚ್ಚೊತ್ತಿದ ಹಾಗೆ ಉಳಿದಿದ್ದವು.

ಬರಿಗಾಲಿನವು. ಎರಡು ಬಗೆ. ಒಂದು ಒಡೆದ ಹಿಮ್ಮಡಿಯ ಮುದಿ ಪಾದ. ಶವಾಗಾರದಲ್ಲಿ ಕಂಡದ್ದು, ಅಜ್ಜನದು. ಇನ್ನೊಂದರ ಜೊತೆಗೆ ಏನನ್ನೋ ಎಳೆದ ಗುರುತು ಗೋಡೆಯವರೆಗೆ ಹೋಗಿತ್ತು.

ಗುರುತಿನ ಕೊನೆಯಲ್ಲಿ ಗೂಡು. ಗೂಡಿನ ತುಂಬ ಜಿಡ್ಡಿನ ಡ್ರಮ್ಮುಗಳು, ಒಂದರ ಮೇಲೊಂದು, ಒಂದು ಬೆಕ್ಕಿನ ಮರಿಯೂ ನುಸುಳದ ಹಾಗೆ.

ಅವಳ ಕಾಲು ಅಲ್ಲೇ ನಿಂತುಬಿಟ್ಟಿತು. ಅಜ್ಜ ಗಂಟೆ ಕೇಳಿದ್ದಾನೆ. ಓಡಿ ಬಂದಿದ್ದಾನೆ. ಡ್ರಮ್ಮುಗಳ ಮೇಲೆ ಉಗುರಿನಿಂದ ಗೀರಿದ ಗೆರೆಗಳಿದ್ದವು. ತಲೆಯ ಮೇಲೆ ಆನೆ ಇಳಿಯುತ್ತಿರುವಾಗ, ಜೀವಮಾನವಿಡೀ ತಾನೇ ಹೊತ್ತು ಇಳಿಸಿದ ಆ ಡ್ರಮ್ಮುಗಳನ್ನೇ ಆ ಮುದುಕ ಪರಚಿದ್ದಾನೆ. ಆಮೇಲೆ ಮೆಟ್ಟಿಲ ಕಡೆ ಓಡಿ, ನಡುವೆಯೇ ಸಿಕ್ಕಿಬಿದ್ದಿದ್ದಾನೆ.

"ಏನದು?" ಮಾಸ್ತರರು ಬಂದು ಅವಳ ಹಿಂದೆ ನಿಂತರು. ಗೂಡು ನೋಡಿದರು. ಅವರ ಬಾಯಿಂದ ಹೊರಟದ್ದು ಮಾತಲ್ಲ, ಒಂದು ಊಳಿಡುವ ಸದ್ದು. "ಗೂಡಿನಲ್ಲಿ… ಗೂಡಿನಲ್ಲಿ ಯಾರಾದರೂ ಸಾಮಾನಿಡ್ತಾರಾ! ನಮ್ಮಲ್ಲಿ ಯಾರೂ… ಮೇಡಂ, ಗೂಡು ಮುಚ್ಚೋದು ಅಂದ್ರೆ…"

ಅವರು ಅವಳನ್ನು ತಳ್ಳಿಕೊಂಡೇ ಮುಂದೆ ನುಗ್ಗಿ ಡ್ರಮ್ಮನ್ನು ಅಪ್ಪಿ ಎಳೆಯತೊಡಗಿದರು. ಅದು ಅಲುಗಲಿಲ್ಲ. ಆ ಹೆದರಿಕೆ ನಾಟಕವಲ್ಲ. ಅಷ್ಟು ವರ್ಷ ಕಳ್ಳರ, ಸುಳ್ಳರ ಮುಖ ನೋಡಿದ ಕಣ್ಣಿಗೆ ಅಷ್ಟು ತಿಳಿಯುತ್ತದೆ.

"ಮಾಸ್ತರೇ, ನಿಲ್ಲಿ. ಪಾದ ಎತ್ತಿ."

"ಏನು?"

"ಪಾದ ಎತ್ತಿ ಅಂದೆ!"

ಜಿಡ್ಡಿನಲ್ಲಿ ಅವರ ಹೆಜ್ಜೆ ಮೂಡಿತ್ತು. ಉದ್ದಕ್ಕೆ, ನಡುವೆ ಸೊಂಟ ಸಣ್ಣಗಾದ ಹಾಗೆ, ನಿಜಕ್ಕೂ ಕೊಕ್ಕರೆಯದೇ. ಅದರ ಪಕ್ಕದಲ್ಲಿದ್ದ ಆ ಇನ್ನೊಬ್ಬರ ಹೆಜ್ಜೆ ಗಿಡ್ಡ. ಬೆರಳು ಬಿಡಿಸಿದ, ಪುಟ್ಟ, ಅಗಲ ಪಾದ.

ಇವರಲ್ಲ.

ಅವಳು ತನ್ನ ಪಾದವನ್ನೇ ಆ ಗುರುತಿನ ಪಕ್ಕಕ್ಕೆ ಊರಿ ತೆಗೆದಳು. ಎರಡೂ ಒಂದೇ ಅಳತೆ. ಇದು ನನ್ನ ಬೂಟು ಸರಿಹೋಗುವ ಕಾಲು, ಎಂದುಕೊಂಡಳು. ಎಂದುಕೊಂಡದ್ದೇ, ಅದೇ ಮಾತನ್ನು ಸ್ವಲ್ಪ ಹೊತ್ತಿಗೆ ಮುಂಚೆ ಬೇರೆ ಯಾರದೋ ಬಾಯಲ್ಲಿ ಕೇಳಿದ ನೆನಪಾಗಿ ಅವಳು ಟಾರ್ಚನ್ನು ಮೆಟ್ಟಿಲ ಕಡೆ ತಿರುಗಿಸಿದಳು.

ಆದರೆ ನೆಲವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ, ಅಜ್ಜನ ಮಗಳ ಚಿಕ್ಕ ಪಾದಗಳೂ ಅವಳ ಕಣ್ಣ ಮುಂದೆ ಬಂದವು. ಹಿಡಿಕೆ ಮೇಲೆ ಚಪ್ಪಲಿ ನೋಡಿದೆ ಅಂದವಳು ಅವಳೊಬ್ಬಳೇ. ಅವಳ ಮಾತು ಬಿಟ್ಟರೆ ಆ ಚಪ್ಪಲಿಗೆ ಬೇರೆ ಸಾಕ್ಷಿಯಿಲ್ಲ.

"ಮಾಮ!" ಅವಳು ಮೇಲೆ ನೋಡಿ ಕೂಗಿದಳು. ಕೂಗು ಗೋಡೆ ಸುತ್ತಿಕೊಂಡು ಮೇಲೆ ಹೋಯಿತು. "ದಫೇದಾರ್ ಮಾಮ!"

ಉತ್ತರವಿಲ್ಲ.

"ತಂಗೀ! ಇದೀಯಾ?"

ಬಟ್ಟಲಷ್ಟಿದ್ದ ಬೆಳಕಿಗೆ ಏನೋ ಅಡ್ಡ ಬಂತು. ಮೆಟ್ಟಿಲ ಪಕ್ಕದ ಕಿಂಡಿಯಿಂದ ಕಪ್ಪಗಿನದೇನೋ ಬಿತ್ತು. ಗೋಡೆಗೆ ಬಡಿದು, ಉರುಳಿ, ಅವಳ ಕಾಲ ಬಳಿ ಬಂದು ಮಗ್ಗುಲಾಯಿತು.

ಅವಳ ಬೂಟುಗಳು.

ಅವುಗಳ ಹಿಂದೆಯೇ ಮಾಸ್ತರರ ಶೂ, ಮೊದಲು ಒಂದು, ಆಮೇಲೆ ಇನ್ನೊಂದು.

"ಹಿಡಿಕೆ…" ಅಂದರು ಮಾಸ್ತರರು. ಅವರು ಮೆಟ್ಟಿಲಿಗೆ ಹಾರಿದರು, ಜಾರಿದರು, ಮತ್ತೆ ಎದ್ದು ಕೈಕಾಲಲ್ಲಿ ಹತ್ತತೊಡಗಿದರು. ಇನ್ಸ್‌ಪೆಕ್ಟರಮ್ಮ ಬೂಟಿಗೆ ಕೈ ಹಾಕಿದಳು. ಲೇಸು ಕತ್ತರಿಸಿರಲಿಲ್ಲ. ಬಿರುಗಾಳಿಗೂ ಬಿಚ್ಚದು ಅಂದಿದ್ದ ಗಂಟನ್ನು ಯಾರೋ ನಿಧಾನಕ್ಕೆ, ಅವಸರವಿಲ್ಲದೆ, ಬಿಚ್ಚಿದ್ದರು.

ಮೇಲೆ ಮುಚ್ಚಳ ಬಿತ್ತು. ಚಿಲಕ ಎಳೆದ ಸದ್ದು ಬಾವಿಯ ತಳದವರೆಗೂ ಬಂತು.

ಆಮೇಲೆ ಗಂಟೆ.

ಡಣ್, ಡಣ್, ಡಣ್. ಇಡೀ ಊರಿಗೆ ಕೇಳಿಸುವ, ಇಡೀ ಊರು ಗೌರವಿಸುವ ಗಂಟೆ. ಅದು ಕೇಳಿದ ಕೂಡಲೇ ಎರಡೂ ದಡದ ಗೇಟಿನವರು ಗೇಟು ಹಾಕುತ್ತಾರೆ. ಬಾರಿಸಿದವರು ಯಾರೆಂದು ಅವರು ಇದುವರೆಗೂ ಕೇಳಿದವರಲ್ಲ. ಬಸ್ಸುಗಳ ಗಡಗಡ ಕಡಿಮೆಯಾಯಿತು. ಒಂದು ಸೈಕಲ್ಲಿನ ಗಂಟೆ ಕೇಳಿಸಿತು, ಅದೂ ನಿಂತಿತು. ಹುಟ್ಟಿದಾಗಿನಿಂದ ಅವಳು ಆ ಸೇತುವೆಯನ್ನು ಸದ್ದಿಲ್ಲದೆ ಕೇಳಿಯೇ ಇರಲಿಲ್ಲ.

ಆ ನಿಶ್ಶಬ್ದದಲ್ಲಿ, ತಲೆಯ ಮೇಲೆ, ಬಿರುಕು ಬಿಟ್ಟ ಅಚ್ಚು ನರಳಿತು. ತುಕ್ಕಿನ ಪುಡಿ ಮಳೆಯ ಹಾಗೆ ಉದುರಿತು. ಆನೆ ಇಳಿಯಲು ಹೊರಟಿತು.

ಮೆಟ್ಟಿಲ ತುದಿಯಲ್ಲಿ ಮಾಸ್ತರರು ಮುಚ್ಚಳವನ್ನು ಎರಡೂ ಮುಷ್ಟಿಯಿಂದ ಗುದ್ದುತ್ತ ಒಂದೇ ಸಮನೆ ಕೂಗುತ್ತಿದ್ದರು. ಹಿಡಿಕೆ ಕೋಣೆಯಲ್ಲಿ ಉಳಿದಿದ್ದವರು ಇಬ್ಬರೇ. ಆ ಇಬ್ಬರಲ್ಲಿ ಒಬ್ಬರ ಕೈ ಈಗ ಹಿಡಿಕೆಯ ಮೇಲಿತ್ತು.

ಇಬ್ಬರನ್ನೂ ಅಲ್ಲಿ ನಿಲ್ಲಿಸಿ, ಕದಲಬೇಡಿ ಎಂದು ಹೇಳಿ ಬಂದವಳು ತಾನೇ.